ಕೊಂಡ ಸ್ಟ್ರೋಬ್ ಲೈಟ್ ಬೀರುವಿಗೆ, ಕಟ್ಟಿದ್ದು ಮಕ್ಕಳ ಕೈಗೆ

ಗಣೇಶನ ಮೆರವಣಿಗೆ ಅಂದರೆ ಈಗ ನಮ್ಮ ಊರುಗಳಲ್ಲಿ ಡಿಜೆ ಇರಲೇಬೇಕು. ಡಿಜೆ ಜೊತೆ ಪಟಪಟ ಮಿನುಗುವ ಬಿಳಿ ಲೈಟೂ ಬರುತ್ತದೆ. ಆ ಬೆಳಕಿನಲ್ಲಿ ಕುಣಿಯುವವರ ಕೈಕಾಲು ನಿಂತು ನಿಂತು ಚಲಿಸಿದ ಹಾಗೆ ಕಾಣುವುದನ್ನು ನೀವೂ ನೋಡಿರುತ್ತೀರಿ. ಅದೇ ಸ್ಟ್ರೋಬ್ ಲೈಟ್. ಅದರ ಬಾಡಿಗೆಗೆ ಚಂದಾ ಎತ್ತುವ ನಾವು, ಊರಿನ ಹೈಸ್ಕೂಲಿನಲ್ಲಿ ಅಂಥದ್ದೊಂದು ಇದೆಯಾ ಅಂತ ಯಾವತ್ತಾದರೂ ಕೇಳಿದ್ದೇವಾ?

ಶಾಲೆಗೆ ಅದು ಯಾಕೆ ಅನ್ನುತ್ತೀರಾ? ಒಂಬತ್ತನೇ ತರಗತಿಯ ಯಾವ ಮಗುವನ್ನಾದರೂ ಕೇಳಿ, ಗುರುತ್ವ ವೇಗೋತ್ಕರ್ಷ 9.8 ಅಂತ ಬಾಯಿಪಾಠ ಹೇಳುತ್ತದೆ. ಆ 9.8 ಎಲ್ಲಿಂದ ಬಂತು ಅಂದರೆ ಸುಮ್ಮನಾಗುತ್ತದೆ. ತಪ್ಪು ಮಗುವಿನದಲ್ಲ. ಬೀಳುವ ವಸ್ತು ಕಣ್ಣಿಗೆ ಸಿಗುವಷ್ಟು ನಿಧಾನ ಬೀಳುವುದಿಲ್ಲ.

ಸ್ಟ್ರೋಬ್ ಇದ್ದರೆ ಸಿಗುತ್ತದೆ. ಕೋಣೆ ಕತ್ತಲು ಮಾಡಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ. ಸೆಕೆಂಡಿಗೆ 10 ಸಲ ಮಿನುಗುವಂತೆ ಲೈಟ್ ಹೊಂದಿಸಿ, ಬಿಳಿ ಚೆಂಡು ಬಿಡಿ. ಫೋನಿನ ಕ್ಯಾಮೆರಾದ ಪ್ರೊ ಮೋಡಿನಲ್ಲಿ ಒಂದು ಸೆಕೆಂಡಿನ ಫೋಟೋ ತೆಗೆಯಿರಿ. ಒಂದೇ ಫೋಟೋದಲ್ಲಿ ಐದಾರು ಚೆಂಡು ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಅಳೆದರೆ, ಪ್ರತಿ ಅಂತರವೂ ಅದರ ಹಿಂದಿನದಕ್ಕಿಂತ ಹೆಚ್ಚುಕಡಿಮೆ 9.8 ಸೆಂಟಿಮೀಟರ್ ಜಾಸ್ತಿ. ಪುಸ್ತಕದ ಅಂಕಿ ಅಳತೆಪಟ್ಟಿಯ ಮೇಲೆ ಬಂದು ನಿಂತಿತು! ಹೀಗೆ ಒಂದು ಸಲ ಅಳೆದ ಮಗು ಮತ್ತೆ ಬಾಯಿಪಾಠ ಮಾಡಬೇಕಿಲ್ಲ.

ಹಾಗಾದರೆ ಒಂದು ಕೊಂಡುಬಿಡೋಣ ಅನ್ನಬಹುದು. ಇಲ್ಲೇ ನಮ್ಮ ತಕರಾರು. ಸುದ್ದಿಗೆಂದು ಹೋದ ಒಂದು ಶಾಲೆಯಲ್ಲಿ ವಿಜ್ಞಾನದ ಬೀರುವಿಗೆ ಬೀಗ ಹಾಕಿತ್ತು. ಒಳಗೆ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಉಪಕರಣಗಳು. "ಕೆಟ್ಟರೆ ರಿಜಿಸ್ಟರಿನಲ್ಲಿ ಏನಂತ ಬರೆಯೋದು ಸರ್, ನಮ್ಮ ತಲೆಗೇ ಬರುತ್ತೆ" ಅಂದರು ಮೇಷ್ಟ್ರು. ಅವರನ್ನು ದೂರಿ ಪ್ರಯೋಜನವಿಲ್ಲ. ಕಾರ್ಖಾನೆಯಿಂದ ಬಂದ ಸ್ಟ್ರೋಬ್‌ಗೆ ಸಾವಿರಗಟ್ಟಲೆ ಕೊಡಬೇಕು. ಕೆಟ್ಟರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. ಆದ್ದರಿಂದ ಅದು ಬೀರು ಸೇರುತ್ತದೆ. ಲೆಕ್ಕ ಕರಾರುವಾಕ್ಕಾಗಿ ಬೇಕಿರುವ ಎಂಜಿನಿಯರಿಂಗ್ ಕಾಲೇಜಿನವರು ಕೊಳ್ಳಲಿ. ಹೈಸ್ಕೂಲಿಗೆ ಕಟ್ಟಿದ್ದೇ ಸರಿ.

ಬೇಕಾಗುವುದು ಇಷ್ಟು: ಒಂದು 555 ಟೈಮರ್ ಐಸಿ, 1 ಮೈಕ್ರೋಫ್ಯಾರಡ್ ಕೆಪಾಸಿಟರ್, 1ಕೆ ಮತ್ತು 22ಕೆ ರೆಸಿಸ್ಟರ್, ಒಂದು ಡಯೋಡ್, 220ಕೆ ವಾಲ್ಯೂಮ್ ಕಂಟ್ರೋಲ್, ಒಂದು ಮಾಸ್‌ಫೆಟ್, 12 ವೋಲ್ಟಿನ ಎಲ್‌ಇಡಿ ಪಟ್ಟಿ, ಅದಕ್ಕೊಂದು ಅಡಾಪ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ವಾಲ್ಯೂಮ್ ತಿರುಗಿಸಿದರೆ ಮಿನುಗು ಸೆಕೆಂಡಿಗೆ ಸುಮಾರು 6ರಿಂದ 60ರವರೆಗೆ ಬದಲಾಗುತ್ತದೆ. ಡಯೋಡ್ ಮರೆಯಬೇಡಿ. ಅದಿದ್ದರೆ ಲೈಟ್ ಪ್ರತಿ ಸಲ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಹತ್ತುತ್ತದೆ. ಇಲ್ಲದಿದ್ದರೆ ಅರ್ಧ ಹೊತ್ತು ಉರಿದು ಚಿತ್ರ ಮಸುಕಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತಿದೆ ಅಂತ ತಿಳಿಯಲು ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮಿನ ವಿಡಿಯೋದಲ್ಲಿ 24 ಫ್ರೇಮಿಗೊಂದು ಮಿನುಗು ಕಂಡರೆ ಅದು 10.

ಮೇಷ್ಟ್ರಿಗೆ ಪುರುಸೊತ್ತಿಲ್ಲ ಅನ್ನುತ್ತಾರೆ. ನಿಜ, ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ ಎಲ್ಲ ಅವರ ಮೇಲೇ ಇದೆ. ಆದರೆ ಬೆಸುಗೆ ಹಾಕಲು ಮೇಷ್ಟ್ರೇ ಬೇಕಿಲ್ಲ. ಮೊಬೈಲ್ ರಿಪೇರಿ ಅಂಗಡಿಯ ಹುಡುಗ, ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿ ಮನೆಯಲ್ಲಿರುವ ಹುಡುಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಪಕ್ಕದಲ್ಲಿ ಮಕ್ಕಳು ಕೂತು ನೋಡಲಿ. ಕೆಟ್ಟರೆ ಅವರೇ ಬಿಚ್ಚುತ್ತಾರೆ.

ಅಮೆರಿಕದಲ್ಲಿ ಸ್ಟ್ರೋಬ್ ಫೋಟೋಗಳಿಂದ ಹೆಸರಾದ ಹೆರಾಲ್ಡ್ ಎಡ್ಗರ್ಟನ್ ಬೆಳೆದದ್ದು ನೆಬ್ರಾಸ್ಕಾದ ಅರೋರಾ ಎಂಬ ಸಣ್ಣ ಊರಿನಲ್ಲಿ. ಮುಂದೆ ಎಂಐಟಿ ಸೇರಿ, ಓಡುವ ಮೋಟಾರನ್ನು ನೋಡಲು ಸ್ಟ್ರೋಬ್ ಬಳಸಿದರು. ಸಣ್ಣ ಊರಿನ ಮಕ್ಕಳಿಗೆ ಇದು ಎಟುಕದ್ದೇನಲ್ಲ.

ಮೂರು ಎಚ್ಚರಿಕೆ ಮಾತ್ರ ಕಡ್ಡಾಯ. ಒಂದು, ಮಿನುಗು ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. ಸೆಕೆಂಡಿಗೆ 15ರಿಂದ 25 ಮಿನುಗು ಹೆಚ್ಚು ಅಪಾಯ, ಆದರೆ 10 ಕೂಡ ಪೂರ್ತಿ ಸುರಕ್ಷಿತವಲ್ಲ. ಮೊದಲೇ ಪೋಷಕರನ್ನು ಕೇಳಿ, ಅಂಥ ಮಗುವನ್ನು ಅವಮಾನವಾಗದಂತೆ ಹೊರಗೆ ಕೂರಿಸಿ ಫೋಟೋ ತೋರಿಸಿ. ತನಗೆ ಈ ತೊಂದರೆ ಇದೆ ಅಂತ ಗೊತ್ತೇ ಇಲ್ಲದ ಮಗುವೂ ಇರಬಹುದು. ಆದ್ದರಿಂದ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತಿಸಬೇಡಿ. ಎರಡು, ಈ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತ ಹಾಗೆ ಕಾಣುತ್ತದೆ. ನಿಂತಿದೆ ಅಂತ ಬೆರಳಿಟ್ಟರೆ ಬೆರಳು ಹೋಗುತ್ತದೆ. ಮೂರು, ಡಿಜೆಯವರ ಹಳೆಯ ಕ್ಸೆನಾನ್ ಲೈಟ್ ಬಿಚ್ಚಲು ಹೋಗಬೇಡಿ. ಸ್ವಿಚ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಎರಡು ಮಾತು ಕೇಳಿ. ವಿಜ್ಞಾನದ ಬೀರುವಿನ ಬೀಗ ಕೊನೆಯ ಸಲ ತೆಗೆದದ್ದು ಯಾವಾಗ? ಈ ಸಲದ ಗಣೇಶನ ಚಂದಾದಲ್ಲಿ ಶಾಲೆಯ ಲೈಟಿಗೂ ಸ್ವಲ್ಪ ಎತ್ತಿಡೋಣವೇ?