ಸೂರಿಗೂ ಬೇಕು ವೈದ್ಯ
ಮೈಗೆ ಜ್ವರ ಬಂದರೆ ವೈದ್ಯರನ್ನು ಕಾಣುವ ನಾವು, ಸೂರು ಸೋರಿದರೆ ಮಾತ್ರ ನೇರವಾಗಿ ಗಾರೆಯವನಿಗೆ ಹೇಳಿಕಳುಹಿಸುತ್ತೇವೆ. ಪರೀಕ್ಷೆಯೇ ಇಲ್ಲದೆ ಔಷಧವೆಂತು?

1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ ಮನೆಗಳವರಿಗೆ ಇದು ಹಗುರವಾದ ಪ್ರಶ್ನೆಯಲ್ಲ. ಬಿರುಕಿನಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ಉಕ್ಕಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಾದರೋ ತಾನು ತಿಂದ ಉಕ್ಕಿಗಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸೀಳಿ, ಚಕ್ಕೆಯಾಗಿ ಮಲಗಿದವರ ಮೇಲೆ ಬೀಳುವುದುಂಟು. ಮೇಲೆ ಬಳಿದ ಬಣ್ಣ ರೋಗವನ್ನು ಮುಚ್ಚೀತು, ಗುಣಪಡಿಸದು.

ನುರಿತ ಎಂಜಿನಿಯರರು ತಾರಸಿಯ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಆಲಿಸುವರು. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿರುವ ಸೂಚನೆ. ನೀರಿನ ಇಳಿಜಾರು, ಕೊಳವೆಯ ಬಾಯಿ, ಪ್ಯಾರಪೆಟ್ ಗೋಡೆಯ ಬುಡ, ನೀರಿನ ತೊಟ್ಟಿಯ ಅಡಿ ಇವೆಲ್ಲವನ್ನೂ ನೋಡುವರು. ಏಕೆಂದರೆ ಕಲೆ ಕಂಡಲ್ಲಿಯೇ ಸೋರಿಕೆಯಿರಬೇಕೆಂದಿಲ್ಲ. ನೀರು ಒಂದೆಡೆ ಹೊಕ್ಕು ಇನ್ನೊಂದೆಡೆ ತಲೆಹಾಕುತ್ತದೆ.

ಬೆಂಗಳೂರಿನ ಮಳೆಯ ಭರ ಸೆಪ್ಟೆಂಬರಿನ ಸುಮಾರಿಗೆ. ಬೇಸಿಗೆಯಲ್ಲೇ ಪರೀಕ್ಷೆಯಾದರೆ ದುರಸ್ತಿಗೆ ಒಣ ದಿನಗಳು ಉಳಿಯುತ್ತವೆ. ಆದರೆ, ಓದುಗ ಮಹಾಶಯರೇ, ಒಂದು ಎಚ್ಚರ: ಪರೀಕ್ಷಿಸುವವರೇ ಲೇಪನ ಮಾರುವವರಾಗದಿರಲಿ. ಸಂಭಾವನೆಯನ್ನು ಕೊಟ್ಟು, ಅಭಿಪ್ರಾಯವನ್ನು ಬರಹದಲ್ಲಿಯೇ ಪಡೆಯಿರಿ. ಗಾರೆಯವನನ್ನು ಆಮೇಲೆ ಕರೆಯೋಣ.