ಹುಳುಮನೆಗೆ ಗಾಳಿ, ಅಡಿಗೆಮನೆಗೆ ಹೊಗೆ



ಬೆಳೆ ಕೈಗೆ ಬಂದು ನಾಲ್ಕು ಕಾಸು ಉಳಿದ ವರ್ಷ ನಮ್ಮ ರೈತ ಕುಟುಂಬಗಳಿಗೆ ಮೊದಲು ನೆನಪಾಗುವುದು ಮನೆಯ ರಿಪೇರಿ. ರಾಯದುರ್ಗದ ಕಡೆ ಶೇಂಗಾ ಎನ್ನುವವರಾಗಲಿ, ಮಡಕಶಿರದ ಕಡೆ ಕಡ್ಲೆಕಾಯಿ ಎನ್ನುವವರಾಗಲಿ, ಈ ವಿಷಯದಲ್ಲಿ ಇಬ್ಬರೂ ಒಂದೇ. (2022ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆ ಎರಡಾದರೂ ಹೊಗೆ ಒಂದೇ.) ಮಣ್ಣಿನ ಮಾಳಿಗೆ ಕಿತ್ತು ಆರ್‌ಸಿಸಿ ಹಾಕಿಸುತ್ತೀರಿ, ಮುಂದಿನ ಗೋಡೆಗೆ ಟೈಲ್ಸ್, ಹೊಸ ಬಾಗಿಲು, ಬಣ್ಣ. ಆಮೇಲೆ ಮನೆ ಆಶೀರ್ವಾದಕ್ಕೆ ನಮ್ಮನ್ನು ಕರೆಯುತ್ತೀರಿ. ತೀರ್ಥ ಚಿಮುಕಿಸುತ್ತ ಪಡಸಾಲೆ, ಕೋಣೆ ದಾಟಿ ಅಡಿಗೆಮನೆಯ ಹೊಸ್ತಿಲಿಗೆ ಬಂದಾಗ ಮನೆಯಾಕೆ ಸಂಕೋಚದಿಂದ ಅಡ್ಡ ನಿಲ್ಲುತ್ತಾರೆ: "ಅಲ್ಲಿಗೆ ಬ್ಯಾಡ ಸ್ವಾಮಿ, ಬಾಳ ಹೊಗೆ ಐತೆ."

ಸ್ವಾಮಿಗಳಿಗೆ ಎರಡು ನಿಮಿಷಕ್ಕೆ ಆಗದ ಹೊಗೆ ಆ ತಾಯಿಗೆ ದಿನಕ್ಕೆ ನಾಲ್ಕು ಗಂಟೆ ಹೇಗೆ ಆಗುತ್ತದೆ? ಮನೆ ದುರಸ್ತಿಗೆ ಕೈಹಾಕುವವರು ಮೊದಲ ಹಣವನ್ನು ಹಿತ್ತಲ ಕಡೆಯಿಂದ ಖರ್ಚು ಮಾಡತಕ್ಕದ್ದು, ಅಂದರೆ ಹೊಗೆ ಹೋಗುವ ದಾರಿಗೆ ಮತ್ತು ಬಚ್ಚಲ ಒಲೆಗೆ, ಎಂಬುದು ನಮ್ಮ ಅಭಿಪ್ರಾಯ. ಟೈಲ್ಸು ಮುಂದಿನ ಬೆಳೆಗೆ ಕಾಯಬಹುದು.

ಮಡಕಶಿರದ ಕಡೆ ರೇಷ್ಮೆ ಸಾಕುವ ಮನೆಗಳನ್ನು ನೋಡಿ. ನಾಲ್ಕನೇ ಜ್ವರ ಎದ್ದ ಹುಳುವಿಗೆ 23ರಿಂದ 25 ಡಿಗ್ರಿ ಶಾಖ ಇರಬೇಕು, ಗಾಳಿ ಆಡಬೇಕು, ಹೊಗೆ ತಾಕಬಾರದು ಎಂಬುದು ಮನೆಯ ಹುಡುಗನಿಗೂ ಬಾಯಿಪಾಠ. ಹುಳುಮನೆಗೆ ಎದುರುಬದುರು ಕಿಟಕಿ, ಮೇಲೆ ಗಾಳಿಕಿಂಡಿ, ಗೋಡೆಯಲ್ಲಿ ಉಷ್ಣಮಾಪಕ. ಅದೇ ಅಂಗಳದ ಆಚೆ ತುದಿಯ ಅಡಿಗೆಮನೆಗೆ ಒಂದೇ ಬಾಗಿಲು. ಹುಳು ಸತ್ತರೆ ನಷ್ಟ ಎಷ್ಟೆಂದು ಬೆರಳು ಮಡಚಿ ಹೇಳಬಲ್ಲೆವು. ಹೆಂಡತಿಯ ಕೆಮ್ಮಿಗೆ ಹಾಗೆ ಲೆಕ್ಕ ಹಿಡಿದವರು ಕಡಿಮೆ.

ಇದನ್ನು ಹೇಳಲು ನಮಗೇನು ಅಧಿಕಾರ ಎಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾವಿದ್ದ ಗುರುನಿವಾಸದ ಅಡಿಗೆಮನೆಯನ್ನು ನಾವೇ ನಿಂತು ರಿಪೇರಿ ಮಾಡಿಸಿದೆವು. ಹಳೆಯ ಬೆಳಕಿಂಡಿಯಿಂದ ಮಳೆ ಹನಿಯುತ್ತದೆ, ಇಲಿ ಇಳಿಯುತ್ತವೆ ಎಂದು ಅದನ್ನು ಕಾಂಕ್ರೀಟು ಹಾಕಿ ಮುಚ್ಚಿಸಿದೆವು. ಗ್ಯಾಸ್ ಇತ್ತು ನಿಜ. ಆದರೆ ಮುದ್ದೆಗೆ, ಸ್ನಾನದ ನೀರಿಗೆ, ಹಬ್ಬದ ದಿನದ ಊಟಕ್ಕೆ ಕಟ್ಟಿಗೆಯೇ. ಅಡಿಗೆ ಮಾಡುತ್ತಿದ್ದ ಹಿರಿಯ ತಾಯಿ ಕೆಮ್ಮತೊಡಗಿದರು. ಚಳಿಗಾಲದ ಕೆಮ್ಮು ಎಂದೆವು, ಸಿರಪ್ ತರಿಸಿಕೊಟ್ಟೆವು. ಎರಡು ಚಳಿಗಾಲ ಕಳೆದ ಮೇಲೆ ಡಾಕ್ಟರ ಬಳಿ ಕರೆದೊಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬೀಡಿ ಸೇದ್ತೀಯೇನಮ್ಮ?" ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ಎರಡನೆಯ ಪ್ರಶ್ನೆ, "ಒಲೆಯ ಹೊಗೆ ಎಲ್ಲಿಂದ ಹೋಗುತ್ತದೆ?" ಅದಕ್ಕೆ ಉತ್ತರ ಹೇಳಬೇಕಾದವರು ನಾವಾಗಿದ್ದೆವು.

ನಮ್ಮ ಹಿರಿಯರು ಚೌಳು ಮಣ್ಣಿನ ಮಾಳಿಗೆ ಹಾಕುವಾಗ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ ಬಿಡುತ್ತಿದ್ದರು. ಬಿಸಿಗಾಳಿ ಮೇಲೇರುತ್ತದೆ, ಅದಕ್ಕೆ ಮೇಲೆ ಬಾಯಿ ಬೇಕು, ಕೆಳಗಿನಿಂದ ತಣ್ಣನೆಯ ಗಾಳಿ ಬರಬೇಕು, ಅಷ್ಟೇ ಶಾಸ್ತ್ರ. ಆರ್‌ಸಿಸಿ ಹಾಕುವ ದಿನ ಸೆಂಟ್ರಿಂಗಿನ ಮೇಲೆ ಒಂದೂವರೆ ಅಡಿ ಚೌಕದ ಹಲಗೆ ಪೆಟ್ಟಿಗೆ ಇಟ್ಟರೆ ಬೆಳಕಿಂಡಿ ತಾನಾಗಿ ಆಗುತ್ತದೆ. ಅದರ ಸುತ್ತ ಎರಡು ವರಸೆ ಇಟ್ಟಿಗೆ ಎಬ್ಬಿಸಿ, ಪಕ್ಕಗಳಿಗೆ ಜಾಲರಿ ಹೊಡೆದು, ಮೇಲೊಂದು ಕಡಪ ಕಲ್ಲು ಮುಚ್ಚಿದರೆ ಮಳೆಯೂ ಇಲ್ಲ, ಇಲಿಯೂ ಇಲ್ಲ. ಹಾಕಿದ ಮೇಲೆ ಒಡೆಯುವುದು ಕಷ್ಟ. ಆದ್ದರಿಂದ ಮೇಸ್ತ್ರಿಗೆ ಮೊದಲೇ ಹೇಳಿ.

ಹೊಗೆಯಿಂದ ಕಣ್ಣುರಿ ಮಾತ್ರವಲ್ಲ. ಗೂರಲು ಕೆಮ್ಮು, ಮಕ್ಕಳ ನ್ಯುಮೋನಿಯಾ, ಕಣ್ಣಿನ ಪೊರೆ, ಕಡಿಮೆ ತೂಕದ ಕೂಸು, ಇವೆಲ್ಲಕ್ಕೂ ಅದರ ಸಂಬಂಧವಿದೆ. 1980ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಮೇಲೆಯೇ ಯಂತ್ರ ತೊಡಿಸಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ಅಲ್ಲಿಯವರೆಗೆ ಗಾಳಿ ಮಾಲಿನ್ಯವೆಂದರೆ ಕಾರ್ಖಾನೆಯ ಚಿಮಣಿ ಎಂದು ತಿಳಿದಿದ್ದವರೇ ಹೆಚ್ಚು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳು ಎರಡು ಲಕ್ಷಕ್ಕೂ ಮೇಲೆ.

"ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆಯಲ್ಲ ಸ್ವಾಮಿ" ಎನ್ನುವವರಿದ್ದಾರೆ. ಇದೆ, ಸಂತೋಷ. 1999ರಲ್ಲಿ ಆಂಧ್ರದ ದೀಪಂ ಯೋಜನೆ, 2016ರಲ್ಲಿ ಕೇಂದ್ರದ ಉಜ್ವಲಾ, 2024ರ ನವೆಂಬರಿನಿಂದ ದೀಪಂ-2ರಲ್ಲಿ ವರ್ಷಕ್ಕೆ ಮೂರು ಉಚಿತ ಸಿಲಿಂಡರ್. ಆದರೆ ಲೆಕ್ಕ ಹಾಕೋಣ. ಐದು ಜನರ ಮನೆಗೆ ಸ್ನಾನಕ್ಕೆ 75 ಲೀಟರ್ ನೀರು, ಅದನ್ನು 20 ಡಿಗ್ರಿ ಏರಿಸಲು 1,500 ಕಿಲೋಕ್ಯಾಲರಿ ಶಾಖ ಬೇಕು. ಗ್ಯಾಸಿನಲ್ಲಿ ಕಾಯಿಸಿದರೆ ಸ್ನಾನಕ್ಕೇ ತಿಂಗಳಿಗೆ ಸುಮಾರು ಅರ್ಧ ಸಿಲಿಂಡರ್. ಕರೆಂಟಿನಲ್ಲಾದರೆ ದಿನಕ್ಕೆ ಹತ್ತಿರಹತ್ತಿರ 2 ಯೂನಿಟ್. ಆದ್ದರಿಂದಲೇ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಯ ಕೆಳಗೆ ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಹಿಪ್ಪುನೇರಳೆ ಕಡ್ಡಿ ಉರಿಯುತ್ತಲೇ ಇವೆ. ಬೆರಣಿಯೂ ಉರಿಯುತ್ತದೆ, ಅದು ಇನ್ನೂ ನಷ್ಟ: ಹೊಲಕ್ಕೆ ಹೋಗಬೇಕಾದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಆಮೇಲೆ ಅದನ್ನೇ ಯೂರಿಯಾ ಚೀಲದಲ್ಲಿ ಕೊಂಡು ತರುತ್ತೇವೆ.

ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿ ಹಾಕಿದರೆ ನೂರು ಪಾಲು ಶಾಖದಲ್ಲಿ ಹತ್ತು ಪಾಲು ನೀರಿಗೆ ಸೇರುತ್ತದೆ, ಉಳಿದದ್ದು ಗಾಳಿಗೆ. ಆ 1,500 ಕಿಲೋಕ್ಯಾಲರಿಗೆ ದಿನಕ್ಕೆ ನಾಲ್ಕು ಕಿಲೋ ಒಣ ಕಟ್ಟಿಗೆ. ಹಂಡೆಯನ್ನು ಕುತ್ತಿಗೆಯವರೆಗೆ ಇಟ್ಟಿಗೆ-ಮಣ್ಣಿನ ಗೂಡಿನಲ್ಲಿ ಕೂರಿಸಿ, ಸುತ್ತಲೂ ಎರಡು ಬೆರಳಿನ ಸಂದು ಬಿಟ್ಟು, ಉರಿ ಹಂಡೆಯನ್ನು ಸುತ್ತಿ ಹಿಂದಿನ ಕೊಳವೆಯಿಂದ ಹೊರಡುವಂತೆ ಮಾಡಿ, ಕೆಳಗೆ ಕಬ್ಬಿಣದ ಸರಳಿನ ಜಾಲರಿ ಇಟ್ಟರೆ ನೀರಿಗೆ ಮೂವತ್ತು ಪಾಲು ಸಿಕ್ಕೀತು. ಆಗ ಒಂದೂವರೆ ಕಿಲೋದೊಳಗೆ ಕೆಲಸ ಮುಗಿಯುತ್ತದೆ. ಉರಿ ಹಾಕುವ ಬಾಯಿ ಗೋಡೆಯ ಹೊರಗಿರಲಿ.

ಈ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅವರು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆದು ಹಳ್ಳಿಯ ಇಂಧನವನ್ನೆಲ್ಲ ತೂಗಿ ನೋಡಿದರು. 1980ರ ದಶಕದಲ್ಲಿ ಅವರ 'ಅಸ್ತ್ರ ಒಲೆ' ಕರ್ನಾಟಕದಾದ್ಯಂತ ಹೆಸರಾಯಿತು. ಪ್ರಯೋಗಾಲಯದಲ್ಲಿ ಅದು ನೂರಕ್ಕೆ ನಲವತ್ತರ ಆಸುಪಾಸು ಶಾಖವನ್ನು ಪಾತ್ರೆಗೆ ಮುಟ್ಟಿಸಿತ್ತು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವೂ 2002ರವರೆಗೆ ನಡೆಯಿತು. ಮತ್ತೆ ಅವೆಲ್ಲ ಎಲ್ಲಿ ಹೋದವು? ಕೊಳವೆಯಲ್ಲಿ ಮಸಿ ಕಟ್ಟಿತು, ಒಲೆಯ ಬಾಯಿ ಒಡೆಯಿತು, ಮೆತ್ತುವವರಿರಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಇಂಥ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಹೊಗೆ ತಗ್ಗಿತು, ಆಮೇಲೆ ಇಲ್ಲ, ರಿಪೇರಿ ಇಲ್ಲದೆ. ಒಲೆ ಹಾಕಿಸುವುದು ಗಂಡಸರ ಕೆಲಸ, ಮಸಿ ತೆಗೆಯುವುದು ಹೆಂಗಸರ ಕೆಲಸ ಎಂದು ಎಲ್ಲಿಯೂ ಬರೆದಿಲ್ಲ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಮಾಳಿಗೆಯ ಮೇಲಿಂದ ಕೊಳವೆಯೊಳಗೆ ಎರಡು ಸಲ ಇಳಿಸಿ ಎಳೆದರೆ ಆಯಿತು. ಕೊಳವೆ ನಾಲ್ಕು ಅಂಗುಲದ್ದು, ಮಾಳಿಗೆಯಿಂದ ಮೂರು ಅಡಿ ಮೇಲಿರಲಿ, ತಲೆಗೆ ಟೋಪಿ ಇರಲಿ. ಹಿಂದೆ ಆಸ್ಬೆಸ್ಟಾಸ್ ಕೊಳವೆ ಹಾಕುತ್ತಿದ್ದರು. ಅದು ಶ್ವಾಸಕೋಶಕ್ಕೆ ಕೇಡು, ತಗಡಿನದೋ ಸುಟ್ಟ ಮಣ್ಣಿನದೋ ತನ್ನಿ.

ಇನ್ನು ಬಾಣಂತಿಯ ಕೋಣೆ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇವೆ. ಶೀತವಾಗಬಾರದೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಡುವುದು ನಮ್ಮಲ್ಲಿ ಇನ್ನೂ ಇದೆ. ಹಳೆಯ ಮನೆಯಲ್ಲಿ ಬೆಳಕಿಂಡಿ ಇತ್ತು, ಹೆಂಚು-ಜಂತಿಯ ಸಂದು ಇತ್ತು, ಬಚಾವಾದೆವು. ಆರ್‌ಸಿಸಿ ಕೋಣೆಯಲ್ಲಿ ಸಂದೇ ಇಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತೂಕಡಿಕೆ, ಆಮೇಲೆ ಎಚ್ಚರವೇ ಇಲ್ಲ. ದೃಷ್ಟಿ ತಾಗಿತೆಂದು ಹೊರಗೆ ಓಡುವ ಮೊದಲು ತಾಯಿ ಮಗುವನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ನಮ್ಮ ಸೀಮೆಯ ಚಳಿಗೆ ಕೆಂಡವೇ ಬೇಕಿಲ್ಲ. ಮಗುವಿಗೆ ತಾಯಿಯ ಮೈಶಾಖ, ಟೋಪಿ, ಕಂಬಳಿ ಸಾಕು. ಅಜ್ಜಿಯರು ಒಪ್ಪದಿದ್ದರೆ ನಮ್ಮನ್ನು ಕರೆಯಿರಿ, ಅವರ ಬೈಗುಳ ನಾವು ತಿನ್ನುತ್ತೇವೆ. ಗ್ಯಾಸ್ ಗೀಸರಿಗೂ ಇದೇ ಮಾತು. ಬಚ್ಚಲೊಳಗೆ ಬೇಡವೇ ಬೇಡ, ಹೊರಗೋಡೆಗೆ ಹಾಕಿ ಬಿಸಿನೀರಿನ ಕೊಳವೆ ಮಾತ್ರ ಒಳಗೆ ತನ್ನಿ.

ಸೋಲಾರ್ ಹೀಟರಿನ ವಿಷಯ ಕೇಳುವವರು ಹೆಚ್ಚುತ್ತಿದ್ದಾರೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, 100 ಲೀಟರಿನದು ಮೇಲಿನ ಮನೆಗೆ ಸಾಕು, ಕೊಳ್ಳುವ ಶಕ್ತಿಯಿದ್ದರೆ ಒಳ್ಳೆಯದು. ಆದರೆ ಎರಡು ಮಾತು ಅಂಗಡಿಯವರು ಹೇಳುವುದಿಲ್ಲ. ತಣ್ಣೀರಿನ ಟ್ಯಾಂಕು ಹೀಟರಿಗಿಂತ ಎತ್ತರದಲ್ಲಿರಬೇಕು, ಆ ಕಟ್ಟೆಯ ಖರ್ಚನ್ನೂ ಸೇರಿಸಿಕೊಳ್ಳಿ. ನಮ್ಮ ಬೋರಿನ ಗಡಸು ನೀರು ತಾಮ್ರದ ಕೊಳವೆಯೊಳಗೆ ಉಪ್ಪು ಕಟ್ಟುತ್ತದೆ, ಆದ್ದರಿಂದ ಕುಡಿಯದ ಬೇರೆ ನೀರು ಒಳಗೇ ಸುತ್ತುವ ಬಗೆಯದನ್ನು ಕೇಳಿ. (ಕುದಿಸಿದರೆ ಬೋರ್ ನೀರಿನ ಫ್ಲೋರೈಡ್ ಹೋಗುವುದಿಲ್ಲ; ಇದನ್ನೂ ಹಲವರು ಕೇಳಿದ್ದರು.) ಸಾಲ ಮಾಡಿ ಸೋಲಾರ್ ಹಾಕಿಸಿ ಅಡಿಗೆಮನೆಗೆ ಕಿಂಡಿ ಬಿಡದಿದ್ದರೆ ಮಾತ್ರ ನಮಗೆ ಹೇಳಬೇಡಿ.

ಗುರುನಿವಾಸದ ಹಿತ್ತಲಿನಲ್ಲಿ ನಾವು ಕಟ್ಟಿಸಿದ ಹಂಡೆ ಒಲೆ ಇದೆ. ಅಳತೆ ಬೇಕಾದವರು ಭಾನುವಾರ ಪೂಜೆ ಮುಗಿದ ಮೇಲೆ ಮೇಸ್ತ್ರಿಯನ್ನೂ ಮನೆಯಾಕೆಯನ್ನೂ ಕರೆದುಕೊಂಡು ಹಿಂಬಾಗಿಲಿನಿಂದ ಬನ್ನಿ. ಟೇಪು ನಿಮ್ಮದೇ ತನ್ನಿ, ನಮ್ಮದನ್ನು ಹಿಂದಿನ ಭಾನುವಾರ ಬಂದವರು ಒಯ್ದಿದ್ದಾರೆ.