ಕಠ್ಮಂಡುವಿನ ಕುರ್ಚಿಯಲ್ಲಿ ಕೂತವರು ಯಾರ ಪರ?

ಶಿರಸಿ ತಾಲೂಕಿನ ಭೈರುಂಬೆಯಲ್ಲಿ ಅಡಿಕೆ ಧಾರಣೆ ಇಳಿಯಿತೆಂದರೆ ಮಾತು ಹೊರದೇಶದ ಅಡಿಕೆಯ ಕಡೆಗೆ ತಿರುಗುತ್ತದೆ. ಶ್ರೀಲಂಕಾದಿಂದ ಬಂತು, ಬಾಂಗ್ಲಾದಿಂದ ಬಂತು, ಭೂತಾನಿನಿಂದ ಬರುತ್ತದಂತೆ ಎಂಬ ಸುದ್ದಿ. ನಷ್ಟ ತೋಟದ ಯಜಮಾನರದ್ದು ಮಾತ್ರವಲ್ಲ. ಮರ ಹತ್ತುವ ಕೊನೆಗೌಡನಿಗೂ, ಸುಲಿಯಲು ಕೂರುವ ಹೆಂಗಸರಿಗೂ ಅದು ತಟ್ಟುತ್ತದೆ. ಹಾಗಿರುವಾಗ ಈ ನೆರೆದೇಶಗಳೆಲ್ಲ ಸೇರಿ ಕಟ್ಟಿಕೊಂಡ ಸಾರ್ಕ್ ಸಂಘಟನೆಯ ಕಚೇರಿಯಲ್ಲಿ ಯಾರಿದ್ದಾರೆ, ಅವರು ಯಾರ ಪರವಾಗಿ ಕೂತಿದ್ದಾರೆ ಎಂದು ನಾವು ಕೇಳಿದರೆ ಅದು ಅಧಿಕಪ್ರಸಂಗವಾಗಲಾರದು.

ಆ ಕಚೇರಿಗೆ ಒಪ್ಪಂದವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. 1986ರ ನವೆಂಬರ್ 16 ಮತ್ತು 17ರಂದು ಅಲ್ಲಿ ಸಾರ್ಕ್‌ನ ಎರಡನೇ ಶೃಂಗಸಭೆ ನಡೆಯಿತು. ರಾಜೀವ್ ಗಾಂಧಿಯವರು ಪ್ರಧಾನಿ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ನಮ್ಮ ಮುಖ್ಯಮಂತ್ರಿ. ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಏಳು ದೇಶಗಳು ಸಹಿ ಹಾಕಿದವು. 1987ರ ಜನವರಿ 16ರಂದು ಅದು ಕೆಲಸ ಆರಂಭಿಸಿತು. ಬಾಂಗ್ಲಾದೇಶದ ಅಬುಲ್ ಅಹ್ಸಾನ್ ಮೊದಲ ಮಹಾಕಾರ್ಯದರ್ಶಿಯಾದರು.

ಅವರನ್ನು ಆರಿಸಿದ್ದು ಹೇಗೆ? ಇಂಗ್ಲಿಷ್ ಅಕ್ಷರಮಾಲೆಯ ಸರದಿಯಂತೆ! ಸರದಿ ಬಂದ ದೇಶ ಒಂದು ಹೆಸರು ಕಳುಹಿಸುತ್ತದೆ, ವಿದೇಶಾಂಗ ಸಚಿವರ ಮಂಡಳಿ ಒಪ್ಪುತ್ತದೆ. ಸಾಮಾನ್ಯವಾಗಿ ಬರುವವರು ಅನುಭವಿ ರಾಯಭಾರಿಗಳು. ಅವರ ಕೈಕೆಳಗೆ ದೇಶಕ್ಕೊಬ್ಬರಂತೆ ನಿರ್ದೇಶಕರು. ಅವರೂ ತಮ್ಮ ತಮ್ಮ ಸರಕಾರದಿಂದ ಬಂದವರೇ. 2007ರಲ್ಲಿ ಅಫ್ಘಾನಿಸ್ತಾನ ಸೇರಿ ದೇಶಗಳು ಎಂಟಾದವು. ಶ್ರೀಲಂಕಾದ ನಂತರ ಅದರ ಸರದಿ ಬಂದಾಗ ತಾಲಿಬಾನ್ ಆಡಳಿತಕ್ಕೆ ಮನ್ನಣೆ ಇರಲಿಲ್ಲ. 2023ರಲ್ಲಿ ಕುರ್ಚಿ ಮತ್ತೆ ಬಾಂಗ್ಲಾದೇಶದ ಪಾಲಾಯಿತು.

ಸರದಿಯೇ ತಪ್ಪು ಎಂದು ನಾವು ಹೇಳುವುದಿಲ್ಲ. ಭಾರತದಂಥ ದೊಡ್ಡಣ್ಣ ಇರುವ ಮನೆಯಲ್ಲಿ ಮಾಲ್ಡೀವ್ಸ್‌ಗೂ ಭೂತಾನಿಗೂ ಸರದಿ ಒಂದು ರಕ್ಷಣೆ. ದೋಷವಿರುವುದು ಬೇರೆ ಕಡೆ. ಸಾರ್ಕ್ ಸನ್ನದಿನ ಪ್ರಕಾರ ಎಲ್ಲ ತೀರ್ಮಾನವೂ ಸರ್ವಾನುಮತದಿಂದಲೇ ಆಗಬೇಕು. ಎರಡು ದೇಶಗಳ ನಡುವಿನ ತಂಟೆ ತಕರಾರುಗಳನ್ನು ಚರ್ಚೆಗೇ ತರುವಂತಿಲ್ಲ. ಹೀಗಾಗಿ ಮಹಾಕಾರ್ಯದರ್ಶಿ ಕಡತ ಕಾಯುವವರು, ಸಭೆ ಏರ್ಪಡಿಸುವವರು. ಸಭೆಯೇ ನಡೆಯದಿದ್ದರೆ? 2014ರಲ್ಲಿ ಕಠ್ಮಂಡುವಿನಲ್ಲಿ 18ನೇ ಶೃಂಗಸಭೆಯಾಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಾಗಿದ್ದುದು ಉರಿ ದಾಳಿಯ ಬಳಿಕ ನಿಂತುಹೋಯಿತು. ಅದನ್ನು ಮತ್ತೆ ಕರೆಯುವ ಅಧಿಕಾರ ಸಚಿವಾಲಯಕ್ಕಿರಲಿಲ್ಲ. ಈ ಹುದ್ದೆಗೇರಿದ ಮೊದಲ ಮಹಿಳೆ ಮಾಲ್ಡೀವ್ಸ್‌ನ ಫಾತಿಮತ್ ದಿಯಾನಾ ಸಯೀದ್. ತಮ್ಮ ದೇಶದಲ್ಲಿ ನ್ಯಾಯಾಧೀಶರೊಬ್ಬರ ಬಂಧನವನ್ನು ಬಹಿರಂಗವಾಗಿ ಟೀಕಿಸಿದ ಬೆನ್ನಿಗೇ, 2012ರ ಜನವರಿಯಲ್ಲಿ, ಅವರು ರಾಜೀನಾಮೆ ಕೊಟ್ಟರು.

ಯುರೋಪಿನಲ್ಲಿ ಇದು ಬೇರೆ ರೀತಿಯಲ್ಲಿ ಆರಂಭವಾಯಿತು. ಭಕ್ತ ಕಥೋಲಿಕರಾಗಿದ್ದ ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ (ಇವರ ಸದ್ಗುಣಗಳನ್ನು ಅಂಗೀಕರಿಸುವ ಆದೇಶಕ್ಕೆ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಒಪ್ಪಿಗೆ ನೀಡಿದರು) 1950ರ ಮೇ 9ರಂದು ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸುವ ಯೋಜನೆ ಮುಂದಿಟ್ಟರು. ನಿನ್ನೆ ಮೊನ್ನೆ ಯುದ್ಧ ಮಾಡಿದವರೂ ಸೇರಿ ಆರು ದೇಶಗಳು ಒಪ್ಪಿದವು. 1952ರಲ್ಲಿ ಝಾನ್ ಮೊನೆ ಅವರ ಅಧ್ಯಕ್ಷತೆಯಲ್ಲಿ ಒಂಬತ್ತು ಮಂದಿಯ ಉನ್ನತ ಪ್ರಾಧಿಕಾರ ರಚನೆಯಾಯಿತು. ಎಂಟು ಮಂದಿಯನ್ನು ಸರಕಾರಗಳು ನೇಮಿಸಿದವು. ಒಂಬತ್ತನೆಯವರನ್ನು ಆ ಎಂಟು ಮಂದಿ ಆರಿಸಿಕೊಂಡರು: ಬೆಲ್ಜಿಯಂನ ಕಾರ್ಮಿಕ ನಾಯಕ ಪೌಲ್ ಫಿನೆ. ಗಣಿಯೊಳಗೆ ದುಡಿಯುವವರ ದನಿ ಹೀಗೆ ಮೊದಲ ದಿನವೇ ಆಡಳಿತದ ಮೇಜಿಗೆ ಬಂತು. 1958ರಲ್ಲಿ ಫಿನೆಯವರೇ ಅಧ್ಯಕ್ಷರಾದರು.

ಅದರ ವಾರಸುದಾರನಾದ ಇಂದಿನ ಯುರೋಪಿಯನ್ ಆಯೋಗದಲ್ಲಿಯೂ ದೇಶಕ್ಕೊಬ್ಬರಂತೆ 27 ಮಂದಿ ಇದ್ದಾರೆ. ಆದರೆ ಯಾವ ಸರಕಾರದ ಸೂಚನೆಯನ್ನೂ ಕೇಳುವುದಿಲ್ಲ, ಪಡೆಯುವುದಿಲ್ಲ ಎಂದು ಅವರು ನ್ಯಾಯಾಲಯದ ಮುಂದೆ ಪ್ರಮಾಣ ಮಾಡಬೇಕು. ನಮ್ಮ ಚರ್ಚ್ ಪಾಲನಾ ಮಂಡಳಿಗೆ ಗುರಿಕಾರರು ವಾರ್ಡಿನಿಂದ ಬಂದರೂ ಇಡೀ ಧರ್ಮಕೇಂದ್ರದ ಹೊಣೆ ಹೊರುವುದಿಲ್ಲವೇ, ಹಾಗೆ. (ಎಲ್ಲ ವಾರ್ಡುಗಳಲ್ಲಿಯೂ ಹೀಗಿದೆ ಎಂದು ನಾವು ಆಣೆ ಹಾಕಲಾರೆವು.) ಆಯೋಗದವರು ದೇವದೂತರೇನಲ್ಲ, ಅಕ್ರಮದ ಆರೋಪಗಳ ತನಿಖಾ ವರದಿ ಬಂದಾಗ 1999ರ ಮಾರ್ಚ್‌ನಲ್ಲಿ ಝಾಕ್ ಸಾಂತೆರ್ ಅವರ ಇಡೀ ತಂಡ ರಾಜೀನಾಮೆ ಕೊಡಬೇಕಾಯಿತು. ಸಂಸತ್ತಿಗೆ ಅವರನ್ನು ಕೆಳಗಿಳಿಸುವ ಅಧಿಕಾರ ಇದ್ದುದರಿಂದ ಇದು ಸಾಧ್ಯವಾಯಿತು.

ಇದು ಯುರೋಪಿಗೆ ಸರಿ, ನಮಗಲ್ಲ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. ಕಠ್ಮಂಡುವಿನಲ್ಲಿ ಕೈಕಟ್ಟಿದ ಸಚಿವಾಲಯ ತೆರೆದ ಅದೇ 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಹೆಗಡೆ ಸರಕಾರ, ಸಚಿವ ಅಬ್ದುಲ್ ನಜೀರ್ ಸಾಬರ ಮುತುವರ್ಜಿ. ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಅಧಿಕಾರವನ್ನು ಹಂಚಿ ಕೊಡಲು ನಮ್ಮವರಿಗೂ ಬರುತ್ತಿತ್ತು.

ಇನ್ನು ಅಡಿಕೆಗೆ ಬರೋಣ. ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಜಾರಿಗೆ ಬಂದು ಸುಂಕದ ರಿಯಾಯಿತಿ ತಂದಿತು. ಆದರೆ ಅದರಿಂದ ಪೆಟ್ಟು ತಿನ್ನುವ ಬೆಳೆಗಾರರ, ಕೂಲಿಯವರ ಅಹವಾಲು ಆಲಿಸಿ ಎಂಟೂ ದೇಶಗಳ ಮುಂದೆ ಪರಿಹಾರ ಇಡಬಲ್ಲ ಅಧಿಕಾರಸ್ಥರು ಕಠ್ಮಂಡುವಿನಲ್ಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯಿಂದ ವಿನಾಯಿತಿ ಕೊಟ್ಟದ್ದು ದೆಹಲಿ. 2023ರ ಫೆಬ್ರವರಿಯಲ್ಲಿ ಆ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ದೆಹಲಿಯೇ. ಭೂತಾನಿನ ಬೆಳೆಗಾರನೂ ಬಡವನೇ. ಅವನ ಹಿತ, ಭೈರುಂಬೆಯವರ ಹಿತ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ತೂಗಿದವರು ಯಾರೂ ಇಲ್ಲ. ಸದ್ಯಕ್ಕೆ ಮನವಿ ಬರೆಯುವ ನಮ್ಮ ಸಂಘಗಳವರು ಲಕೋಟೆಯ ಮೇಲೆ ದೆಹಲಿಯ ವಾಣಿಜ್ಯ ಸಚಿವಾಲಯದ ವಿಳಾಸವನ್ನೇ ಬರೆಯಬೇಕಾಗಿದೆ.